ಕಲ್ಲಹೊಲದ ಕೆಂಪು

ನಮ್ಮ ಮನೆತನದಲ್ಲಿ ವೈನ್ ಬಾಯಿಗೆ ಬಿಟ್ಟುಕೊಂಡವಳು ನಾನೊಬ್ಬಳೇ. ಅದೂ ಹನ್ನೆರಡನೆಯ ವಯಸ್ಸಿನಲ್ಲಿ. ನಾನು ಓದಿದ ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಕ್ರಿಸ್‌ಮಸ್ಸಿಗೆ ಎರಡು ತಿಂಗಳಿರುವಾಗಲೇ ಸಿಸ್ಟರುಗಳು ಕರಿ ದ್ರಾಕ್ಷಿ ತರಿಸಿ, ಸಕ್ಕರೆ ಸುರಿದು, ಪಿಂಗಾಣಿ ಭರಣಿಗಳಲ್ಲಿ ಮುಚ್ಚಿಡುತ್ತಿದ್ದರು. ದಿನಕ್ಕೊಮ್ಮೆ ಮರದ ಸೌಟಿನಿಂದ ಅದನ್ನು ತಿರುವುವ ಕೆಲಸ ಬೋರ್ಡಿಂಗಿನ ಒಬ್ಬ ಹುಡುಗಿಗೆ. ಆ ವರ್ಷ ಅದು ನನಗೆ ಸಿಕ್ಕಿತು, ಏಕೆಂದರೆ ನನ್ನ ಹ್ಯಾಂಡ್‌ರೈಟಿಂಗ್ ಕ್ಲಾಸಿಗೇ ಫಸ್ಟ್ ಇತ್ತು. ಅಕ್ಷರಕ್ಕೂ ಸೌಟಿಗೂ ಏನು ಸಂಬಂಧ ಎಂದು ಮದರ್ ಸುಪೀರಿಯರನ್ನು ಕೇಳುವ ಧೈರ್ಯ ಯಾರಿಗಿತ್ತು? ತೊಳೆಯುವ ಮೊದಲು ಸೌಟನ್ನು ನೆಕ್ಕುತ್ತಿದ್ದೆ. ಮೊದಲು ಸಿಹಿ, ಹಿಂದಿನಿಂದ ಒಗರು, ಆಮೇಲೆ ಕಿವಿಯ ತುದಿ ಬಿಸಿ. ಕೆಮ್ಮಿಲ್ಲದವರೂ ಕುಡಿಯಬಹುದಾದ ಕೆಮ್ಮಿನ ಔಷಧ ಎಂದುಕೊಂಡಿದ್ದೆ.

ಈ ಒಂದು ಕ್ವಾಲಿಫಿಕೇಶನ್ ನಂಬಿಕೊಂಡು, ಅರವತ್ತು ವರ್ಷಗಳ ನಂತರ, ನನ್ನ ತಮ್ಮ ನನ್ನನ್ನು ತನ್ನ ದ್ರಾಕ್ಷಿ ತೋಟದ ಎಕ್ಸ್‌ಪರ್ಟ್ ಆಗಿ ನೇಮಿಸಿಕೊಂಡ.

ತೋಟ ಎಂದೆ. ಊರಿನವರು ಹಾಗೆನ್ನುವುದಿಲ್ಲ, ಕಲ್ಲಹೊಲ ಎನ್ನುತ್ತಾರೆ. ನಾನಿರುವ ಲಿಂಗಸುಗೂರಿನಿಂದ ಮಸ್ಕಿಯ ಬಸ್ಸು ಹಿಡಿದರೆ, ಮಸ್ಕಿ ಇನ್ನೇನು ಬಂತು ಎನ್ನುವಾಗ ಒಂದು ಬೋಳು ಗುಡ್ಡ ಕಾಣುತ್ತದೆ. ಅದರ ಬುಡಕ್ಕೆ ನಾಲ್ಕು ಎಕರೆ ಕೆಂಪು ಗರಸು ನೆಲ. ಒಂದು ಬುಟ್ಟಿ ಕಲ್ಲು ಆರಿಸಿ ಬದುವಿಗೆ ಹಾಕಿದರೆ ಮರುವರ್ಷ ಎರಡು ಬುಟ್ಟಿ ಏಳುತ್ತವೆ. ನಮ್ಮವ್ವ ಮದುವೆಯಾಗಿ ಬಂದ ವರ್ಷದಿಂದ ಅಲ್ಲಿ ಕಲ್ಲು ಆರಿಸಿದಳು, ನಡು ಬಗ್ಗುವವರೆಗೆ ಆರಿಸಿದಳು. ಅವ್ವ ಮುಗಿದಳು, ಕಲ್ಲು ಮುಗಿಯಲಿಲ್ಲ. ಮನೆ ಪಾಲಾದಾಗ ದೊಡ್ಡಪ್ಪನ ಮಕ್ಕಳು ಕರಿ ಎರೆಮಣ್ಣಿನ ಹೊಲಗಳನ್ನು ತೆಗೆದುಕೊಂಡು, ಮುಸಿಮುಸಿ ನಗುತ್ತ ಕಲ್ಲಹೊಲವನ್ನು ತಮ್ಮನ ಕಡೆ ತಳ್ಳಿದರು. ನನಗೆ ಪಾಲೇ ಇರಲಿಲ್ಲ. "ಅಕಿಗಿ ಇಂಗ್ಲಿಷ್ ಕಲಿಸೀವಲ್ಲ" ಎಂದು ಅಪ್ಪ ಮೊದಲೇ ಹೇಳಿಟ್ಟಿದ್ದ. ತಮ್ಮನಿಗೆ ಕಲ್ಲು, ನನಗೆ ಇಂಗ್ಲಿಷ್. ಎರಡರಲ್ಲೂ ಬಹಳ ದಿನ ಏನೂ ಬೆಳೆಯಲಿಲ್ಲ.

ತಮ್ಮ ಹಟ್ಟಿಯ ಚಿನ್ನದ ಗಣಿಗೆ ಸೇರಿದ. ಮೂರು ಪಾಳಿಯಲ್ಲೂ ಭೂಮಿಯೊಳಗೆ ಇಳಿದು ಅಲ್ಲಿಯೂ ಕಲ್ಲನ್ನೇ ಒಡೆದ. ರಿಟೈರ್ ಆದ ಮೇಲೆ ಕಂಪನಿ ಕ್ವಾರ್ಟರ್ಸ್ ಬಿಟ್ಟು ಮಸ್ಕಿಯಲ್ಲಿ ಮನೆ ಕಟ್ಟಿಸಿ, ಇನ್ನಾದರೂ ಮೆತ್ತಗಿನ ಜಾಗದಲ್ಲಿ ಕೂರುತ್ತಾನೆ ಎಂದುಕೊಂಡೆವು. ಅದೇ ಹೊತ್ತಿಗೆ ಒಂದು ವೈನ್ ಕಂಪನಿಯ ವೈನ್‌ಮೇಕರ್ ಕಲ್ಲುನೆಲ ಹುಡುಕಿಕೊಂಡು ಈ ಕಡೆ ಬಂದ. ಹೌದು, ಹುಡುಕಿಕೊಂಡು! ನಲವತ್ತು ದಾಟಿದ ಗಂಡಸು, ಹಿಂದಕ್ಕೆ ಕಟ್ಟಿದ ಜುಟ್ಟು. ಫ್ರಾನ್ಸಿನಲ್ಲಿ ಆರು ತಿಂಗಳಿದ್ದು ಬಂದಿದ್ದ. ಆ ಆರು ತಿಂಗಳನ್ನು ಅರ್ಧ ತಾಸಿಗೊಮ್ಮೆ ನೆನಪಿಸುತ್ತಿದ್ದ. ನಮ್ಮ ಹೊಲದಲ್ಲಿ ಮಂಡಿಯೂರಿ ಒಂದು ಹಿಡಿ ಗರಸು ಎತ್ತಿ ಮೂಸಿ ನೋಡಿ, ಕಣ್ಣು ಮುಚ್ಚಿಕೊಂಡ.

"ಬ್ಯೂಟಿಫುಲ್ ಸಾಯಿಲ್ ಸರ್! ಇಲ್ಲಿ ಬಳ್ಳಿ ಕಷ್ಟಪಡುತ್ತೆ. ಕಷ್ಟಪಟ್ಟ ಬಳ್ಳಿಯಿಂದಲೇ ಗ್ರೇಟ್ ವೈನ್ ಬರೋದು."

ಅವ್ವ ಇದ್ದಿದ್ದರೆ ಕೇಳುತ್ತಿದ್ದಳು: ನಾ ಪಟ್ಟ ಕಷ್ಟದಿಂದ ಏನು ಬಂತಪ್ಪಾ?

ಅವನು ಒಂದು ಮಾತು ಕೊಟ್ಟ. ಬಳ್ಳಿ ಬಲಿಯಲಿ; ಯಾವ ವರ್ಷ ಹಣ್ಣಿನ ಶುಗರ್ ಇಪ್ಪತ್ನಾಲ್ಕು ಮುಟ್ಟಿ, ಕಂಪನಿಯ ಒಂದು ಟ್ಯಾಂಕ್ ತುಂಬುವಷ್ಟು ಫಸಲು ಬರುತ್ತದೋ, ಆ ವರ್ಷದ ವೈನನ್ನು ಬೇರೆ ಯಾರ ಹಣ್ಣಿನ ಜೊತೆಗೂ ಬೆರೆಸದೆ ಪ್ರತ್ಯೇಕ ಬಾಟಲಿಗೆ ತುಂಬುತ್ತಾರೆ. ಬಾಟಲಿಯ ಮೇಲೆ ಹೊಲದ ಹೆಸರು ಹಾಕುತ್ತಾರೆ.

ತಮ್ಮನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತು ಮಾತ್ರ. ಸಂಜೆ ನನಗೆ ಫೋನ್ ಮಾಡಿದ. "ಅಕ್ಕಾ, ಜಲ್ಮ ಪೂರಾ ಬಂಗಾರ ತಗದೀನಿ. ಯಾರ ಕೈಬಳಿ ಮ್ಯಾಲ ನನ್ನ ಹೆಸರು ಅದ? ಬಾಟ್ಲಿ ಮ್ಯಾಲ ಕಲ್ಲಹೊಲ ಅಂತ ಬರ್ಲಿ. ಅವ್ವ ಆರಿಸಿದ ಕಲ್ಲು. ನಕ್ಕವರೆಲ್ಲ ಓದ್ಲಿ. ನನಗ ಅಷ್ಟ ಸಾಕು."

ಮಸ್ಕಿಯವರಿಗೆ ಹೆಸರಿನ ಹುಚ್ಚು ಹೊಸದಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿ ಊರೂರಿನ ಬಂಡೆಗಳ ಮೇಲೆ ಬರೀ ಬಿರುದು ಕೆತ್ತಿಸುತ್ತ ಬಂದು, ತನ್ನ ಸ್ವಂತ ಹೆಸರನ್ನು ನಮ್ಮೂರಿನ ಬಂಡೆಯ ಮೇಲೆ ಬಿಟ್ಟುಹೋದ. ಅಂದಿನಿಂದ ಇಲ್ಲಿ ಚಹಾದಂಗಡಿಗೂ ಅದೇ ಹೆಸರು. ಕಲ್ಲಿನ ಮೇಲೆ ಹೆಸರು ಬರೆಸುವುದು ಚಕ್ರವರ್ತಿಯ ಆಸೆ. ಹೆಸರಿನಲ್ಲಿ ಕಲ್ಲು ಬರೆಸುವುದು ನನ್ನ ತಮ್ಮನ ಆಸೆ. ನಾನು ಫೋನಿನಲ್ಲಿ ನಕ್ಕೆ. ಅವನು ನಗಲಿಲ್ಲ.

ಶಿರಾಜ್ ಎಂಬ ಕೆಂಪು ವೈನಿನ ತಳಿ ನೆಟ್ಟದ್ದಾಯಿತು. ಶ್ರಾವಣದಲ್ಲಿ ತಿಂಗಳು ಪೂರ್ತಿ ಪುರಾಣ ಕೇಳುವ, ಹಣೆಯ ವಿಭೂತಿ ಅಳಿಸದ ನಮ್ಮ ಮನೆತನಕ್ಕೆ "ಶೆರೆ ಬೆಳೆಯುವವರು" ಎಂಬ ಬಿರುದು ಬಂತು. ಲಿಂಗಸುಗೂರಿನ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಒಬ್ಬಾಕೆ ಮೆತ್ತಗೆ ಪಕ್ಕಕ್ಕೆ ಬಂದು, "ಏನ್ರೀ ಟೀಚರಮ್ಮ, ನಿಮ್ಮ ತಮ್ಮಾರು ಬಾರ್ ಹಾಕ್ಯಾರಂತ?" ಎಂದಳು. "ಇಲ್ಲಮ್ಮ, ವಿನ್‌ಯಾರ್ಡ್" ಎಂದೆ, ಮೂಗು ಎತ್ತಿ. ಹಾಗೆಂದರೆ ಇನ್ನೂ ದೊಡ್ಡ ಬಾರ್ ಇರಬೇಕು ಎಂದು ಆಕೆ ತಲೆ ಆಡಿಸಿಕೊಂಡು ಹೋದಳು.

ಮೊದಲ ವರ್ಷಗಳ ಫಸಲಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಒಂದು ವರ್ಷ ಹಿಂಗಾರು ಮಳೆ ನಿಲ್ಲದೆ ಎಲೆಗೆ ಬೂದಿ ರೋಗ ಬಡಿಯಿತು, ಇನ್ನೊಂದು ವರ್ಷ ಹಕ್ಕಿಗಳು ನಮಗಿಂತ ಮೊದಲೇ ವಿಂಟೇಜ್ ಟೇಸ್ಟ್ ಮಾಡಿದವು. ಶುಗರ್ ಇಪ್ಪತ್ತೊಂದು ದಾಟಲಿಲ್ಲ. ನಾನು ಹೇಳಹೊರಟದ್ದು ಐದನೆಯ ವರ್ಷದ ಕಥೆ.

ಆ ವರ್ಷ ದಸರೆಯ ಆಸುಪಾಸಿನಲ್ಲಿ ಬಳ್ಳಿ ಸವರಿದರು. ದ್ರಾಕ್ಷಿಯವರು ಇದನ್ನು ಚಾಟ್ನಿ ಎನ್ನುತ್ತಾರೆ. ಅದಕ್ಕಾಗಿ ವಿಜಯಪುರದ ಕಡೆಯಿಂದ ಬಂದ ಆಳುಗಳು, ತಿನ್ನುವ ದ್ರಾಕ್ಷಿಯ ದಪ್ಪ ಗೊನೆ ನೋಡಿ ಬೆಳೆದವರು, ಹೋದ ವರ್ಷದ ನಮ್ಮ ಗೊನೆಯ ಫೋಟೋ ನೋಡಿ ಮರುಗಿದರು. "ಔಷಧ ಹಾಕಿ ಉಬ್ಬಿಸಬೇಕಿತ್ತರೀ. ಇದೇನು ನೇರಳೆ ಬೀಜ ಇದ್ದಂಗ!" ತಮ್ಮ ಹೆಮ್ಮೆಯಿಂದ ಎದೆ ಉಬ್ಬಿಸಿದ. ಸಣ್ಣದಿರುವುದೇ ಇದರ ದೊಡ್ಡಸ್ತಿಕೆ ಎಂದು ವೈನ್‌ಮೇಕರ್ ಅವನಿಗೆ ಕಲಿಸಿದ್ದ.

ಚಾಟ್ನಿಯಾದ ಮೇಲೆ ಮಳೆ ಹೇಳಿ ಕಳಿಸಿದಂತೆ ನಿಂತಿತು. ಹೂ ಕಟ್ಟುವಾಗ ಒಂದು ಹನಿಯಿಲ್ಲ. ಆಮೇಲೆ ಬಂದದ್ದು ಚಳಿ. ನಮ್ಮ ಸೀಮೆಯಲ್ಲಿ ಚಳಿ ಎಂದರೆ ಸಾಮಾನ್ಯವಾಗಿ ಎರಡು ವಾರದ ನಾಟಕ. ಆ ವರ್ಷ ಎರಡು ತಿಂಗಳು ಸೀರಿಯಲ್ ಹಾಗೆ ಎಳೆಯಿತು. ಹಗಲು ಸುಡುವ ಬಿಸಿಲು, ಬೆಳಗಿನ ಜಾವ ಹಲ್ಲು ಕಟಕಟ. ವೈನಿಗೆ ಬೇಕಾದದ್ದು ಇದೇ ಅಂತೆ. ದಿನಾ ಬೆಳಿಗ್ಗೆ ತಮ್ಮನ ಫೋನು.

"ಅಕ್ಕಾ, ಮೊಣಕಾಲು ಹೆಂಗವ?"

"ಭಾಳ ನೋಯಾಕತ್ತಾವೋ. ರಾತ್ರಿ ಮಲಗಿಲ್ಲ."

"ಛಲೋ ಆತು ಬಿಡು! ಹಂಗಾರ ಥಂಡಿ ಇನ್ನೂ ಅದ."

ನನ್ನ ಆರ್ಥ್ರೈಟಿಸ್ ಅವನ ಹವಾಮಾನ ಇಲಾಖೆಯಾಗಿತ್ತು. ಅವನ ಮನೆಯಲ್ಲಿ ಇನ್ನೊಂದು ತಮಾಷೆ. ತಮ್ಮನಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಅವನ ಹೆಂಡತಿ ಬೆಳಿಗ್ಗೆ ಗಂಡನ ಬೆರಳು ಚುಚ್ಚಿ ಶುಗರ್ ಇಳಿದಿದೆಯೇ ಎಂದು ನೋಡುತ್ತಿದ್ದಳು. ಗಂಡ ಹೊಲಕ್ಕೆ ಹೋಗಿ ಕಾಳು ಹಿಂಡಿ ಶುಗರ್ ಏರಿದೆಯೇ ಎಂದು ನೋಡುತ್ತಿದ್ದ. ಎರಡು ಮೀಟರೂ ಒಂದೇ ಗೂಡಿನಲ್ಲಿ, ವಿಭೂತಿಯ ಬಟ್ಟಲಿನ ಪಕ್ಕದಲ್ಲಿ.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಹೊತ್ತಿಗೆ ಹಸಿರು ಕಾಳುಗಳು ಬಣ್ಣ ಕುಡಿಯತೊಡಗಿದವು. ಒಂದೇ ಗೊನೆಯಲ್ಲಿ ನಾಲ್ಕು ಹಸಿರು, ಎರಡು ಕೆಂಪು, ಒಂದು ಕಡುನೀಲಿ. ಮಸಿ ದವತಿ ಉರುಳಿಬಿದ್ದ ಕಾಪಿ ಪುಸ್ತಕದ ಹಾಗೆ. ಇನ್ನು ಮೇಲೆ ನೀರು ಪೂರ್ತಿ ಬಿಗಿ ಹಿಡಿಯಬೇಕು, ಬಳ್ಳಿ ಬಾಯಾರಬೇಕು ಎಂದು ವೈನ್‌ಮೇಕರ್ ಹೇಳಿ ಹೋಗಿದ್ದ.

ನಮ್ಮ ಕಡೆ ಎಳ್ಳಮಾಸಿ ದಿನ ಹೊಲ ಬಸುರಿ. ಬಸುರಿಗೆ ಬಯಕೆ ಊಟ ಕೊಡುವ ಹಾಗೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಹೋಳಿಗೆ, ಕಡುಬು ಎಲ್ಲ ಕಟ್ಟಿಕೊಂಡು ಹೋಗಿ, ಮೊದಲು ಹೊಲದ ತುಂಬ ಚೆಲ್ಲಿ, ಆಮೇಲೆ ನಾವು ಉಣ್ಣಬೇಕು. ಈ ಚೆಲ್ಲುವುದಕ್ಕೆ ಚರಗ ಎನ್ನುತ್ತೇವೆ. ಆ ವರ್ಷ ಚರಗಕ್ಕೆ ನಾನೂ ಲಿಂಗಸುಗೂರಿನಿಂದ ಹೋದೆ. ತಮ್ಮನ ಭಾವಮೈದುನ, ಅಂದರೆ ಅವನ ಹೆಂಡತಿಯ ತಮ್ಮ, ಸಿಂಧನೂರಿನಿಂದ ಸಂಸಾರ ಸಮೇತ ಬಂದಿದ್ದ.

ಈ ಸಿಂಧನೂರಿನವನು ಕಾಲುವೆಯ ಕೆಳಗೆ ಭತ್ತ ಬೆಳೆಯುವವನು. ಅವನಿಗೆ ಪ್ರೀತಿ ಎಂದರೂ ನೀರು, ಮರ್ಯಾದೆ ಎಂದರೂ ನೀರು. ಅವರ ಮನೆಗೆ ಹೋದರೆ ಚಪ್ಪಲಿ ಬಿಡುವ ಮೊದಲೇ ತಂಬಿಗೆ ಮುಂದೆ ಬಂದಿರುತ್ತದೆ. ಗದ್ದೆಯಲ್ಲಿ ನೀರು ನಿಂತು ಅದರಲ್ಲಿ ತನ್ನ ಮುಖ ಕಾಣದಿದ್ದರೆ ಅವನಿಗೆ ಅನ್ನ ಸೇರುವುದಿಲ್ಲ. ಅಂಥವನು ನಮ್ಮ ಬಳ್ಳಿಸಾಲಿನ ನಡುವೆ ಚರಗ ಚೆಲ್ಲುತ್ತ ಹೋಗಿ, ಗಾಬರಿಯಿಂದ ತಿರುಗಿ ಬಂದ.

"ಮಾವಾ, ಏನ್ರೀ ಇದು? ಎಲಿ ಎಲ್ಲಾ ಜೋತು ಬಿದ್ದಾವ! ನೀರು ಬಿಟ್ಟಿಲ್ಲೇನು?"

"ಬಿಡಬಾರದು ಅಳಿಯಾ. ಈಗ ಅವು ನೀರಡಿಸಬೇಕು. ಕಾಳು ಸಣ್ಣ ಇರಬೇಕು, ತೊಗಲು ದಪ್ಪಾಗಬೇಕು. ಬಣ್ಣ, ರುಚಿ, ಎಲ್ಲಾ ತೊಗಲಾಗ ಇರ್ತದ."

"ಹಂಗಂತ ಯಾರು ಹೇಳ್ಯಾರ?"

"ವೈನ್ ಕಂಪನಿಯವರು."

"ಅವರಿಗೇನ್ರೀ, ಅವರು ಬಿಸ್ಲೇರಿ ಕುಡಕೊಂತ ಹೇಳ್ತಾರ."

ತಮ್ಮನ ಹೆಂಡತಿ ತವರಿನ ಪಕ್ಷ ಹಿಡಿದಳು. "ಖರೇ ಅದ ಅವ ಹೇಳೋದು. ಬಸುರಿಗಿ ಹೋಳಿಗಿ ಒಗಿತೀರಿ, ಕುಡಿಯಾಕ ಗುಟುಕು ನೀರು ಕೊಡಂಗಿಲ್ಲ. ಯಾವ ಸೀಮ್ಯಾಗ ಅದರೀ ಈ ಪದ್ಧತಿ?"

"ಫ್ರಾನ್ಸಿನಾಗ" ಎಂದ ತಮ್ಮ.

"ಹಂಗಾರ ಅಲ್ಲೇ ಚರಗ ಚೆಲ್ರಿ, ಹೋಗ್ರಿ."

ತಮ್ಮ ನಕ್ಕು, ಹೆಂಡತಿಯ ಕಣ್ಣು ತಪ್ಪಿಸಿ ಎರಡು ಹೋಳಿಗೆ ತಿಂದು, ಬೇವಿನ ಮರದ ಕೆಳಗೆ ಟವೆಲ್ ಹಾಸಿಕೊಂಡು ನಿದ್ದೆ ಹೋದ. ಉಳಿದವರು ಪಾತ್ರೆ ಗಂಟು ಕಟ್ಟುತ್ತಿದ್ದರು. ನಾನು ಫೋಲ್ಡಿಂಗ್ ಚೇರಿನಲ್ಲಿ ಕುಳಿತಿದ್ದೆ. ಭಾವಮೈದುನ ಮೆಲ್ಲಗೆ ಎದ್ದು ಬೋರಿನ ಹತ್ತಿರ ಹೋದದ್ದು ಕಂಡಿತು. ಮೋಟರಿನ ಗುಂಡಿ ಒತ್ತಿ, ಗುಡ್ಡದ ಕಡೆಯ ಎಂಟು ಸಾಲಿಗೆ ಹೋಗುವ ಡ್ರಿಪ್ಪಿನ ವಾಲ್ವ್ ಮೇಲೆ ಕೈ ಇಟ್ಟ. ನಾನು ನೋಡುತ್ತಿರುವುದನ್ನು ಅವನು ನೋಡಿದ.

"ಒಂದ ಗುಟುಕು ಅಕ್ಕಾರ. ಪಾಪ ಅವು."

ನಾನು ಬೇಡ ಎನ್ನಬೇಕಿತ್ತು. ನನಗೆ ಎಲ್ಲ ಗೊತ್ತಿತ್ತು, ನಾನು ಎಕ್ಸ್‌ಪರ್ಟ್. ಆದರೆ ಆ ಬಿಸಿಲು, ಆ ಜೋತ ಎಲೆಗಳು, ಆ ಕಲ್ಲು. ಅವ್ವ ಇದೇ ಬದುವಿನಲ್ಲಿ ಬಸುರಿಯಾಗಿ ಬುಟ್ಟಿ ಹೊತ್ತು ನಿಂತಿದ್ದದ್ದು ನೆನಪಾಯಿತು. "ಪೂರ್ ಥಿಂಗ್ಸ್" ಎಂದೆ, ಇಂಗ್ಲಿಷಿನಲ್ಲಿ; ಹೇಳಿ ಗುಡ್ಡದ ಕಡೆ ಮುಖ ತಿರುಗಿಸಿದೆ. ಸಿಂಧನೂರಿನವನಿಗೆ ಅದಕ್ಕಿಂತ ದೊಡ್ಡ ಸ್ಯಾಂಕ್ಷನ್ ಆರ್ಡರ್ ಬೇಕಾಗಿರಲಿಲ್ಲ.

ಸಿಂಧನೂರಿನವರಿಗೆ ನೀರು ಬಿಡುವುದು ಗೊತ್ತು, ನಿಲ್ಲಿಸುವುದು ಕಾಲುವೆಯವರ ಕೆಲಸ. ಸ್ವಲ್ಪ ಹೊತ್ತಿಗೆ ಎಲ್ಲರೂ ಟಂಟಂ ಹತ್ತಿ ಊರಿಗೆ ಹೊರಟೆವು. ಟಂಟಂ ಸದ್ದಿನಲ್ಲಿ ಯಾರಿಗೂ ಕೇಳದ ಮೋಟರು, ರಾತ್ರಿ ಕರೆಂಟು ಹೋಗುವವರೆಗೆ, ತನ್ನ ಪಾಡಿಗೆ ತಾನು ಹಾಡುತ್ತಿತ್ತು.

ಮರುದಿನ ಬೆಳಿಗ್ಗೆ ಫೋನಿನಲ್ಲಿ ತಮ್ಮ ನನ್ನ ಮೊಣಕಾಲು ಕೇಳಲಿಲ್ಲ.

"ಅಕ್ಕಾ, ಎಂಟು ಸಾಲು ಕೆಸರಾಗ್ಯಾವ. ಕಾಲು ಇಟ್ರ ಪಾದ ಮುಳಗತದ. ಪೈಪು ಒಡದದ ಅಂತ ಹುಡುಕಾಕತ್ತೀನಿ, ಎಲ್ಲೂ ಒಡದಿಲ್ಲ."

"ಲುಕ್, ಐ ವಾಸ್ ದೇರ್..." ಎಂದು ಶುರುಮಾಡಿದೆ. ತಪ್ಪು ಒಪ್ಪಿಕೊಳ್ಳುವಾಗ ನನಗೆ ಇಂಗ್ಲಿಷೇ ಬರುತ್ತದೆ. ಕನ್‌ಫೆಷನ್ ಮಾಡಲು ಕಲಿತದ್ದು ಆ ಭಾಷೆಯಲ್ಲಿ.

"ಕನ್ನಡದಾಗ ಹೇಳಕ್ಕಾ."

"ನಿನ್ನ ಅಳಿಯ ವಾಲ್ವ್ ತಿರುವಿದ. ನಾ ನೋಡೀನಿ. ಸುಮ್ಮನ ಕುಂತೆ."

ಬೈದಿದ್ದರೆ ಚೆನ್ನಾಗಿತ್ತು. "ನೀ ದೊಡ್ಡಾಕಿ" ಎಂದ. "ನಿನಗೇನಂತ ಅನ್ಲಿ" ಎಂದು ಫೋನ್ ಇಟ್ಟ. ಮೂರು ದಿನ ಬಿಟ್ಟು ಭಾವಮೈದುನ ತಾನಾಗಿಯೇ ಸಿಂಧನೂರಿನಿಂದ ಫೋನ್ ಮಾಡಿ, "ಏನ್ ಮಾವಾ, ಬಳ್ಳಿ ಈಗ ನಗಾಕತ್ತಾವೇನು?" ಎಂದು ಕೇಳಿದನಂತೆ. ಬಳ್ಳಿಗಳು ನಿಜಕ್ಕೂ ನಗುತ್ತಿದ್ದವು. ಎಂಟೂ ಸಾಲು ಚಿಗುರೊಡೆದು, ಕಾಳು ಉಬ್ಬಿ, ವಿಜಯಪುರದ ಆಳುಗಳು ಮೆಚ್ಚುವ ಹಾಗೆ ತುಂಬಿಕೊಂಡಿದ್ದವು.

ಅಂದಿನಿಂದ ನಾನು ವಾರಕ್ಕೆರಡು ಸಲ ಮಸ್ಕಿಯ ಬಸ್ಸು ಹತ್ತಿದೆ. ಪ್ರಾಯಶ್ಚಿತ್ತ ಎಂದು ಯಾರಿಗೂ ಹೇಳಲಿಲ್ಲ, ಕನ್ಸಲ್ಟೇಶನ್ ಎಂದೆ. ದ್ರಾಕ್ಷಿ ಹಣ್ಣಾಗಿದೆಯೋ ಇಲ್ಲವೋ ಎನ್ನುವುದನ್ನು ಸಿಸ್ಟರುಗಳು ಬೀಜ ಕಡಿದು ಹೇಳುತ್ತಿದ್ದರು. ಹಸಿ ಕಡ್ಡಿಯ ಒಗರಿದ್ದರೆ ಇನ್ನೂ ಕಾಯಿ. ಹುರಿದ ಶೇಂಗಾದ ಹಾಗೆ ಕಟ್ ಎಂದರೆ ಹಣ್ಣು. ನನ್ನದೆಂದು ಹೇಳಿಕೊಳ್ಳಬಹುದಾದ ಹಲ್ಲುಗಳು ಎರಡೇ ಉಳಿದಿದ್ದವು. ಅವೆರಡನ್ನೂ ತಮ್ಮನ ಸೇವೆಗೆ ಅರ್ಪಿಸಿದೆ.

ಫೆಬ್ರವರಿ ಮಧ್ಯಕ್ಕೆ ವೈನ್‌ಮೇಕರ್ ಬಂದ. ಒಣಗಿದ ಸಾಲುಗಳ ರಸ ಮೀಟರಿಗೆ ಬಿಟ್ಟು ಬಿಸಿಲಿಗೆ ಹಿಡಿದ: ಇಪ್ಪತ್ನಾಲ್ಕು. ತಮ್ಮನ ಮುಖ ಅರಳಿತು. ಗುಡ್ಡದ ಕಡೆಯ ಎಂಟು ಸಾಲು: ಇಪ್ಪತ್ತು.

"ಇಲ್ಲಿ ನೀರು ಬಿಟ್ಟಿದ್ರಾ ಸರ್?"

ನಾನು ಸೆರಗು ಸರಿಮಾಡಿಕೊಂಡೆ. ತಮ್ಮನ ಹೆಂಡತಿ ಆಕಾಶ ನೋಡಿದಳು.

"ಪೈಪ್ ಒಡೆದಿತ್ರೀ" ಎಂದ ತಮ್ಮ.

ಲೆಕ್ಕ ಸರಳವಾಗಿತ್ತು. ಎಂಟು ಸಾಲು ಬಿಟ್ಟರೆ ಟ್ಯಾಂಕ್ ತುಂಬುವುದಿಲ್ಲ. ಸೇರಿಸಿದರೆ ಶುಗರ್ ಇಳಿಯುತ್ತದೆ. ಎರಡರಲ್ಲಿ ಯಾವುದಾದರೂ, ಫಸಲು ಎಲ್ಲರ ಹಣ್ಣಿನ ಜೊತೆ ಬೆರೆತು ಹೋಗುತ್ತದೆ, ಕಲ್ಲಹೊಲದ ಹೆಸರಿಲ್ಲ. ಮೂರನೆಯ ದಾರಿ ಕಾಯುವುದು. ಎಲ್ಲವನ್ನೂ ಬಳ್ಳಿಯ ಮೇಲೇ ಬಿಟ್ಟರೆ ಎಂಟು ಸಾಲು ಮೇಲೇರಬಹುದು. ಅಷ್ಟರಲ್ಲಿ ಉಳಿದವು ಒಣದ್ರಾಕ್ಷಿಯಾಗಬಹುದು, ಹಕ್ಕಿ ತಿನ್ನಬಹುದು, ಒಂದು ಅಕಾಲ ಮಳೆ ಎಲ್ಲವನ್ನೂ ಕೊಳೆಸಬಹುದು. "ನಿಮ್ಮ ರಿಸ್ಕ್ ಸರ್" ಎಂದು ಜುಟ್ಟು ಕುಣಿಸಿಕೊಂಡು ಕಾರು ಹತ್ತಿದ.

"ಕಾಯೋಣ" ಎಂದ ತಮ್ಮ. ಗಣಿಯಲ್ಲಿ ಸಿಡಿಮದ್ದು ಇಟ್ಟು ಕಾದವನಿಗೆ ಕಾಯುವುದು ಬರುತ್ತದೆ.

ಹನ್ನೆರಡು ದಿನ ಕಾದೆವು. ಹಕ್ಕಿ ಬರದಂತೆ ಹೊದಿಸುವ ಬಲೆ ಸಾಲದೆ ಬಂದಾಗ ತಮ್ಮನ ಹೆಂಡತಿ ಟ್ರಂಕು ತೆರೆದು ತನ್ನ ಹಳೆಯ ಸೀರೆಗಳನ್ನೆಲ್ಲ ಹೊಲಕ್ಕೆ ತಂದು ಬಳ್ಳಿಗಳ ಮೇಲೆ ಹೊದಿಸಿದಳು. ಬಾಯಿ ಬಿಟ್ಟು ತಪ್ಪಾಯಿತು ಎನ್ನುವ ಪೈಕಿ ಅಲ್ಲ ಆಕೆ. ಇಳಕಲ್ ಸೀರೆ ಹರಿದು ಕಟ್ಟಿದಳು, ಅದರಲ್ಲಿ ಎಲ್ಲ ಬಂತು. ನಾನೂ ನನ್ನ ಜಾರ್ಜೆಟ್ಟುಗಳನ್ನು ತಂದೆ. ಕಾನ್ವೆಂಟ್ ರಿಯೂನಿಯನ್ನಿಗೆ ಉಟ್ಟಿದ್ದ ಮಾವ್, ಅಂದರೆ ತಿಳಿನೇರಳೆ ಬಣ್ಣದ ಸೀರೆ ಶಿರಾಜ್ ದ್ರಾಕ್ಷಿಗೆ ನನಗಿಂತ ಚೆನ್ನಾಗಿ ಒಪ್ಪಿತು. ಬಸ್ಸಿನಿಂದ ನೋಡಿದವರಿಗೆ ನಮ್ಮ ವಿನ್‌ಯಾರ್ಡ್ ಒಂದು ದೊಡ್ಡ ಬಾಣಂತಿ ಕೋಣೆಯ ಹಾಗೆ ಕಂಡಿರಬೇಕು. ತಮ್ಮ ಡಬ್ಬಿ ಬಡಿಯುತ್ತ ಬೆಳಗಿನಿಂದ ಸಂಜೆಯವರೆಗೆ ಸಾಲುಗಳ ನಡುವೆ ತಿರುಗಿದ. ತೂಕ ಇಳಿಯಿತು. ಅವನ ಶುಗರ್ ಹತ್ತು ವರ್ಷಗಳಲ್ಲೇ ಮೊದಲ ಸಲ ನಾರ್ಮಲ್ ಬಂತು. ಹೆಂಡತಿ ದೇವರಿಗೆ ಕಾಯಿ ಒಡೆಸಿದಳು; ಅವನು ಆ ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ.

ಒಂಬತ್ತನೆಯ ದಿನ ಗುಡ್ಡದ ಹಿಂದಿನಿಂದ ಮೋಡ ಎದ್ದಿತು. ಕಪ್ಪಗೆ, ದಪ್ಪಗೆ. ಮೂವರೂ ಬೇವಿನ ಕೆಳಗೆ ನಿಂತೆವು. ತಮ್ಮ ಕೈಯಲ್ಲಿದ್ದ ಡಬ್ಬಿ ನೆಲಕ್ಕಿಟ್ಟ. ಮೋಡ ನಮ್ಮ ತಲೆಯ ಮೇಲೆ ಬಂದು, ಕಲ್ಲು ನೋಡಿ ಮನಸ್ಸು ಬದಲಾಯಿಸಿದ ಹಾಗೆ, ಸಿಂಧನೂರಿನ ಕಡೆ ಹೋಗಿ ಸುರಿಯಿತು. ನೀರಿಗೂ ತನ್ನ ನೆಂಟರ ವಿಳಾಸ ಗೊತ್ತು. ಅಲ್ಲಿಂದ ಭಾವಮೈದುನ ಫೋನ್ ಮಾಡಿ, "ನಿಮಗ ಬಿತ್ತೇನು ಮಾವಾ? ಇಲ್ಲೇನು? ಅಯ್ಯ ಪಾಪ!" ಎಂದು ಲೊಚಗುಟ್ಟಿದ.

ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಎಂಟು ಸಾಲಿನ ಹಣ್ಣಿನ ಬೀಜ ಕಡಿದೆ. ಕಟ್ ಎಂದಿತು. ಬೀಜವೋ ಹಲ್ಲೋ ಎಂದು ಒಂದು ಕ್ಷಣ ಅನುಮಾನವಾಯಿತು, ಬೀಜವೇ. "ಈಗ ಕಡಿಸು" ಎಂದೆ. ಒಣಗಿದ ಸಾಲುಗಳು ಇಪ್ಪತ್ತೈದಕ್ಕೆ ಏರಿ ಸುಕ್ಕಲು ಹಿಡಿದಿದ್ದವು, ನೀರು ಕುಡಿದವು ಇಪ್ಪತ್ತೆರಡರಲ್ಲಿ ಹಟ ಹಿಡಿದು ನಿಂತಿದ್ದವು. ಎಲ್ಲ ಸೇರಿಸಿ ಕಂಪನಿಯ ಅಂಗಳದಲ್ಲಿ ಹಿಂಡಿ ನೋಡಿದಾಗ ಮೀಟರಿನ ಗೆರೆ ಸರಿಯಾಗಿ ಇಪ್ಪತ್ನಾಲ್ಕರ ಮೇಲೆ. ತಮ್ಮ ಆ ಮೀಟರನ್ನು ತಾನು ನೋಡಿ, ನನಗೆ ಕೊಟ್ಟು, ಮತ್ತೆ ಇಸಿದುಕೊಂಡು ನೋಡಿ, ಅಲ್ಲಿಯ ವಾಚ್‌ಮನ್ನಿಗೂ ತೋರಿಸಿದ. ಟ್ಯಾಂಕ್ ತುಂಬಿತು.

ಆಮೇಲೆ ಒಂದೂವರೆ ವರ್ಷ ಆ ವೈನು ಓಕ್ ಪೀಪಾಯಿಯಲ್ಲಿ ಮಲಗಿತ್ತು. ಒಂದು ದಿನ ವೈನ್‌ಮೇಕರ್ ಫೋನ್ ಮಾಡಿ, ತಾನು ಈವರೆಗೆ ಮಾಡಿದ್ದರಲ್ಲಿ ಇದೇ ಬೆಸ್ಟ್ ವಿಂಟೇಜ್ ಎಂದ. "ಬರೀ ಒಣ ಹಣ್ಣಾಗಿದ್ದರೆ ವೈನ್ ಭಾರ ಆಗ್ತಿತ್ತು ಸರ್. ಇದರಲ್ಲಿ ಎಲ್ಲೋ ಒಂದು ಫ್ರೆಶ್‌ನೆಸ್ ಇದೆ. ಎಲ್ಲಿಂದ ಬಂತೋ ಗೊತ್ತಾಗ್ತಿಲ್ಲ. ಇಟ್ಸ್ ದ ಟೆರ್ವಾರ್, ಈ ನೆಲದ ಗುಣ." ಎಲ್ಲಿಂದ ಬಂತು ಎನ್ನುವುದು ನಮ್ಮ ಮನೆಯಲ್ಲಿ ನಾಲ್ಕು ಜನರಿಗೆ ಗೊತ್ತಿತ್ತು.

ಮಸ್ಕಿಯ ಮನೆಗೆ ಮೂರು ಬಾಟಲಿಗಳ ಪೆಟ್ಟಿಗೆ ಬಂದ ದಿನ ತಮ್ಮ ನನ್ನನ್ನೂ ಸಿಂಧನೂರಿನವನನ್ನೂ ಕರೆಸಿದ. ಊಟವಾದ ಮೇಲೆ ಪೆಟ್ಟಿಗೆ ಒಡೆದು ಒಂದು ಬಾಟಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಮುಂದೆ ನೋಡಿದ, ಹಿಂದೆ ನೋಡಿದ. ಮತ್ತೆ ಮುಂದೆ ನೋಡಿದ.

"ಅಕ್ಕಾ, ಕಲ್ಲಹೊಲ ಎಲ್ಲಿ ಅದ?"

ಬಾಟಲಿ ಇಸಿದುಕೊಂಡೆ. ಬಂಗಾರದ ಅಕ್ಷರಗಳಲ್ಲಿ 'ಕ್ವೀನ್ಸ್ ವಿಸ್ಪರ್' ಎಂದಿತ್ತು. ಕೆಳಗೆ ಯಾವುದೋ ರಾಣಿ, ಯಾವುದೋ ಜಾಲಂಧ್ರದಲ್ಲಿ ಕುಳಿತು ಯಾರದೋ ಕಿವಿಯಲ್ಲಿ ಏನನ್ನೋ ಹೇಳುತ್ತಿದ್ದಳು. ನಮ್ಮ ಗುಡ್ಡದ ಬುಡದಲ್ಲಿ ಯಾವ ರಾಣಿಯೂ ಎಂದೂ ಪಿಸುಗುಟ್ಟಿಲ್ಲ. ಅಲ್ಲಿ ಬದುಕಿದ್ದವಳು ನಮ್ಮವ್ವ. ಅವಳು ಮಾತನಾಡಿದರೆ ಮೂರು ಹೊಲ ಆಚೆ ಕೇಳುತ್ತಿತ್ತು.

ತಮ್ಮ ವೈನ್‌ಮೇಕರನಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟ. "ಸಾರಿ ಸರ್, ಅದು ಮಾರ್ಕೆಟಿಂಗ್ ಟೀಮ್ ಡಿಸಿಷನ್. ಕಲ್ಲಹೊಲ ಅಂದ್ರೆ ಹೊರಗಿನವರಿಗೆ ಪ್ರನೌನ್ಸ್ ಮಾಡೋಕೆ ಕಷ್ಟ." ಫ್ರಾನ್ಸಿನ ಹಳ್ಳಿಗಳ ಹೆಸರು ಹೇಳಲು ಮೂಗಿನಲ್ಲಿ ಅಷ್ಟು ಕಸರತ್ತು ಮಾಡುತ್ತಿದ್ದ ಮನುಷ್ಯ! ಹಾಗೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ "ಹೌದ್ರಿ, ಕಷ್ಟ ಅದ" ಎಂದು ಫೋನ್ ಕಟ್ ಮಾಡಿದ.

ತಮ್ಮನ ಹೆಂಡತಿ ಯಾರೂ ಕೇಳದಿದ್ದರೂ ಚಹಾ ಇಡಲು ಎದ್ದಳು.

"ಹಿಂದ ಏನೋ ಸಣ್ಣ ಅಕ್ಷರದಾಗ ಬರದಾರ. ಓದಕ್ಕಾ" ಎಂದ ತಮ್ಮ. "ಕನ್ನಡದಾಗ."

ಆ ಗಳಿಗೆಯಲ್ಲಿ ಸುಳ್ಳು ಓದಬೇಕೆನಿಸಿತು. ಕಲ್ಲಹೊಲ, ಮಸ್ಕಿ ಎಂದು ಓದಿಬಿಟ್ಟರೆ ಯಾರು ಕೇಳುತ್ತಾರೆ? ಆದರೆ ಹಟ್ಟಿಯ ಕಂಪನಿಯ ನೋಟಿಸ್ ಬೋರ್ಡುಗಳನ್ನು ಅಷ್ಟು ವರ್ಷ ಓದಿದವನು ಅವನು, ಎಬಿಸಿಡಿ ಬರುತ್ತದೆ. ಇದ್ದದ್ದನ್ನೇ ಓದಿದೆ. "ದಖ್ಖನ್ನಿನ ಪುರಾತನ ಮಣ್ಣಿನಲ್ಲಿ ಬೆಳೆದದ್ದು. ಬ್ಲ್ಯಾಕ್‌ಬೆರಿ ಹಣ್ಣು, ಕರಿಮೆಣಸು, ಹಳೆಯ ಚರ್ಮ..."

"ಚರ್ಮ?" ಒಳಗಿನಿಂದ ತಮ್ಮನ ಹೆಂಡತಿ ಕೂಗಿದಳು. "ಚಪ್ಪಲಿ ವಾಸನಿ ಬರ್ತದಂತೇನ್ರೀ? ಅದನ್ನೂ ಬರದು ಮಾರ್ತಾರ?"

"...ಮತ್ತು ಕೊನೆಯಲ್ಲಿ ತೊಯ್ದ ಕಲ್ಲಿನ ಸುಳಿವು."

ತಮ್ಮ ತಲೆ ಎತ್ತಿದ. "ಏನಂದಿ? ಇನ್ನೊಮ್ಮೆ ಓದು."

"ತೊಯ್ದ ಕಲ್ಲು. ವೆಟ್ ಸ್ಟೋನ್ ಅಂತ ಅದ."

"ಕಲ್ಲು ಅಂತ ಬರದಾರ?"

"ಬರದಾರ."

ಅವನು ಬಾಟಲಿ ತೆಗೆದುಕೊಂಡು ಆ ಒಂದು ಪದದ ಮೇಲೆ ಹೆಬ್ಬೆರಳು ಇಟ್ಟು ಕುಳಿತ. ಅಷ್ಟರಲ್ಲಿ ಸಿಂಧನೂರಿನವನು ತೊಡೆ ತಟ್ಟಿಕೊಂಡು ಎದ್ದೇಬಿಟ್ಟ.

"ತೊಯ್ದ ಅಂತ ಬರದಾರಲ್ರೀ ಅಕ್ಕಾರ! ಕಲ್ಲು ಮಾವಾರದು, ಖರೇ. ತೊಯ್ಸಿದವರು ಯಾರು? ಅದು ನನ್ನ ನೀರು!"

ಒಂದು ಕ್ಷಣ ತಮ್ಮ ಅವನನ್ನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ನಗಲು ಶುರುಮಾಡಿದ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆ ನೀರಿನಲ್ಲಿ ಎಲ್ಲವೂ ನಗೆಯದಾಗಿರಲಿಲ್ಲ. ಆಮೇಲೆ ಒಂದು ಉದ್ದನೆಯ ಸ್ಕ್ರೂ, ಒಂದು ಇಕ್ಕಳ ತಂದು, ಗಣಿಯ ಕೈಯಿಂದ ಬಿರಡೆ ಕಿತ್ತು, ಸ್ಟೀಲ್ ಲೋಟಕ್ಕೆ ಎರಡು ಬೆರಳಷ್ಟು ಬಗ್ಗಿಸಿ ನನ್ನ ಮುಂದಿಟ್ಟ. ತಾನು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು ಮುಖ ಕಿವುಚಿದ. "ಖರೇ ಹೇಳು ಅಕ್ಕಾ. ಹೆಂಗದ?"

ನಾನು ಕುಡಿದೆ. ಸಿಸ್ಟರುಗಳ ಸಕ್ಕರೆ ಇರಲಿಲ್ಲ. ಬ್ಲ್ಯಾಕ್‌ಬೆರಿ ನಾನು ತಿಂದವಳಲ್ಲ, ಇದ್ದರೆ ಇರಲಿ. ಮೊದಲು ಒಗರು, ಆಮೇಲೆ ಮೆಣಸಿನ ಬಿಸಿ, ಎಲ್ಲ ಇಳಿದ ಮೇಲೆ ನಾಲಿಗೆಯ ಹಿಂದೆ ಒಂದು ತಂಪು: ಬೇಸಿಗೆಯಲ್ಲಿ ಬದುವಿನ ಮೇಲೆ ಕುಳಿತು ಅವ್ವ ತಂಬಿಗೆಯ ನೀರು ಮುಖಕ್ಕೆ ಎರಚಿಕೊಂಡಾಗ ಕಾದ ಕಲ್ಲಿನಿಂದ ಏಳುತ್ತಿದ್ದ ವಾಸನೆ. ವೈನ್‌ಮೇಕರ್ ಮೂರ್ಖನಿರಬಹುದು, ಆದರೆ ಅವನ ಮೂಗು ಸುಳ್ಳು ಹೇಳಿರಲಿಲ್ಲ.

"ಭಾಳ ಛಲೋ ಅದ" ಎಂದೆ. ಇಂಗ್ಲಿಷ್ ಯಾಕೋ ಬರಲಿಲ್ಲ.

ಉಳಿದ ಎರಡು ಬಾಟಲಿಗಳನ್ನು ತಮ್ಮ ಬಕೆಟ್ ನೀರಿನಲ್ಲಿ ಮುಳುಗಿಸಿದ. ಸಂಜೆಯ ಹೊತ್ತಿಗೆ ರಾಣಿಯರು ಇಬ್ಬರೂ ಪಿಸುಮಾತು ನಿಲ್ಲಿಸಿ ತೇಲಿಬಂದರು. ಮೊಮ್ಮಗಳ ಪಾಟಿಚೀಲದಿಂದ ನೋಟ್‌ಬುಕ್ಕಿಗೆ ಅಂಟಿಸುವ ಲೇಬಲ್ ತಂದು ನನ್ನ ಮುಂದಿಟ್ಟ. "ನಿನ್ನ ಅಕ್ಷರ ಫಸ್ಟ್ ಅಲ್ಲೇನು? ಬರಿ. ಕನ್ನಡದಾಗ."

ಕಾನ್ವೆಂಟಿನ ವರಾಂಡದಲ್ಲಿ ಕನ್ನಡ ಮಾತನಾಡಿದರೆ ಕುತ್ತಿಗೆಗೆ ಹಲಗೆ ನೇತುಹಾಕುತ್ತಿದ್ದರು. ನನ್ನ ಮುತ್ತಿನಂಥ ಅಕ್ಷರವೆಲ್ಲ ಎಬಿಸಿಡಿಗೆ ಮೀಸಲು. ಕನ್ನಡ ನಾನು ಓದುವುದು ಹೆಚ್ಚು, ಕೈಯಿಂದ ಬರೆಯುವುದು ಕಿರಾಣಿ ಚೀಟಿ ಮಾತ್ರ. ಬರೆದೆ. ಕ ಒಂದು ಕಡೆ ವಾಲಿತು, ಒತ್ತಕ್ಷರ ಚೇಳಿನ ಕೊಂಡಿಯ ಹಾಗೆ ಎದ್ದು ನಿಂತಿತು, ಹೊಲ ಗೆರೆ ಬಿಟ್ಟು ಕೆಳಗಿಳಿಯಿತು. ಇನ್ನೊಂದು ಲೇಬಲ್ ಕೊಡು, ಸರಿಯಾಗಿ ಬರೆಯುತ್ತೇನೆ ಎಂದೆ.

"ಬ್ಯಾಡ" ಎಂದು ಅದನ್ನೇ ಒಂದು ಬಾಟಲಿಗೆ ಅಂಟಿಸಿದ. "ಕಲ್ಲು ಒಂದ ಅಳತ್ಯಾಗ ಎಲ್ಲಿ ಇರ್ತಾವ?"

ಆ ಬಾಟಲಿ ಈಗ ಅವನ ಶೋಕೇಸಿನಲ್ಲಿ, ಗಣಿಯವರು ರಿಟೈರ್‌ಮೆಂಟಿಗೆ ಕೊಟ್ಟ ಗಡಿಯಾರದ ಪಕ್ಕದಲ್ಲಿದೆ. ದೊಡ್ಡಪ್ಪನ ಮಕ್ಕಳು ಮೊನ್ನೆ ಲಗ್ನದ ಕಾರ್ಡು ಕೊಡಲು ಬಂದವರು ಅದನ್ನು ಕಂಡು, ಓದಿ, ಮೂಗಿನ ಮೇಲೆ ಬೆರಳಿಟ್ಟರಂತೆ. "ಏನೋ ಇದು? ಮನಿಯಾಗ ಮಾಡಿದ್ದೇನು?"

"ಹೌದು" ಎಂದನಂತೆ ತಮ್ಮ. "ಮನಿಯವರೆಲ್ಲ ಕೂಡಿ ಮಾಡೀವಿ."